ಜೀವಾಳದ ಎಳೆ

ನಿಡಗುಂದಿಯ ನಮ್ಮ ಓಣಿಯ ಮಠದಲ್ಲಿ ಅಮವಾಸ್ಯೆಯ ರಾತ್ರಿ ಭಜನೆ ನಡೆಸತಕ್ಕ ಪದ್ಧತಿಯು ಎಷ್ಟು ಹಿಂದಿನದೆಂಬುದನ್ನು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಆದರೆ ಆ ಭಜನೆಗೆ ಶ್ರುತಿಯನ್ನು ಕೊಡುವ ಉದ್ಯೋಗವು ಗೋಡೆಯ ಗೂಟಕ್ಕೆ ತೂಗುಬಿದ್ದ ತಂಬೂರಿಯಿಂದ ಪೇಟಿ ಬಾರಿಸುವವನ ಕಿಸೆಯ ಮೊಬೈಲಿಗೆ ವರ್ಗವಾದುದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ. ತಂಬೂರಿಯ ಬಿರಡೆ ತಿರುವಿ, ಮಣಿ ಸರಿಸಿ, ನಾಲ್ಕು ತಂತಿಗಳನ್ನು ಒಂದುಗೂಡಿಸುವುದಕ್ಕೆ ಕಾಲು ತಾಸಾದರೂ ಬೇಕು. ಮೊಬೈಲಿಗೆ ಬೆರಳು ಸೋಕಿದರೆ ಸಾಕು. ಪೇಟಿಯ ಮನೆಗಳ ಲೆಕ್ಕದಲ್ಲಿ ‘ಕರಿ ಒಂದು’ ಎಂದರೆ ಕರಿ ಒಂದು, ‘ಬಿಳಿ ನಾಲ್ಕು’ ಎಂದರೆ ಬಿಳಿ ನಾಲ್ಕು. ಹೀಗಿರಲಾಗಿ ಕಳೆದ ಶ್ರಾವಣದ ಒಂದು ರಾತ್ರಿ, ವಚನವೊಂದರ ಪಲ್ಲವಿಯು ಮೇಲಿನ ಷಡ್ಜಕ್ಕೆ ಏರಿ ನಿಂತ ಹೊತ್ತಿಗೆ ಸರಿಯಾಗಿ ಆ ಮೊಬೈಲಿಗೆ ಯಾರದೋ ಕರೆ ಬಂದು, ಶ್ರುತಿ ಕಡಿದು, ಅದರ ಸ್ಥಾನದಲ್ಲಿ ಸಿನಿಮಾ ಹಾಡಿನ ತುಣುಕೊಂದು ಮೈಕಿನ ತುಂಬ ಮೊಳಗಿತು. ಮುಂದೆ ಕುಳಿತು ಹಾಡುತ್ತಿದ್ದ ಅಜ್ಜಾರು ಸಿಟ್ಟಾಗಲಿಲ್ಲ. “ಎತ್ತಪಾ ತಮ್ಮಾ, ಯಾರೋ ನಮ್ಮ ಶ್ರುತಿ ಕೇಳಾಕ ಮಾಡಿರಬೇಕು” ಎಂದು ನಕ್ಕು, ಗೂಟದ ಮೇಲಿನ ತಂಬೂರಿಯನ್ನು ಇಳಿಸಲು ಹೇಳಿದರು.

ಗವಸು ತೆಗೆದಾಗ ಕಂಡದ್ದು ಇಷ್ಟು: ಬುರುಡೆಯ ಹಿಂಬದಿಯಲ್ಲಿ ಗೇಣುದ್ದದ ಒಂದು ಸೀಳು, ತಂತಿಗಳನ್ನು ಹೊತ್ತ ಕುದುರೆಯ ಮೇಲೆ ಧೂಳು, ನಾಲ್ಕರಲ್ಲಿ ಎರಡು ತಂತಿಗಳಿಗೆ ಜಂಗು. ಉಳಿದ ಎರಡರಲ್ಲಿ ಒಂದನ್ನು ಅಜ್ಜಾರು ಮೀಟಿದರು. ‘ಟಣ್’ ಎಂದು ಒಂದು ಒಣ ಶಬ್ದ ಹೊರಟು ಅಲ್ಲಿಯೇ ಬಿದ್ದಿತು. ಆಮೇಲೆ ಅವರು ತಾವು ಉಟ್ಟ ಧೋತರದ ಅಂಚಿನಿಂದ ಒಂದು ಎಳೆಯನ್ನು ಹಿರಿದು, ಬಾಯಲ್ಲಿ ಹಸಿ ಮಾಡಿ ಹುರಿಗೊಳಿಸಿ, ತಂತಿಗೂ ಕುದುರೆಗೂ ನಡುವೆ ತೂರಿಸಿ, ಹೆಬ್ಬೆರಳಿನ ಉಗುರಿನಿಂದ ಕೂದಲೆಳೆಯಷ್ಟು ಹಿಂದಕ್ಕೆ, ಮತ್ತೆ ಅದರರ್ಧ ಮುಂದಕ್ಕೆ ಸರಿಸುತ್ತ ಮೀಟುತ್ತಲೇ ಇದ್ದರು. ಒಂದು ಸ್ಥಾನದಲ್ಲಿ ಆ ಒಣ ತಂತಿಯು ಒಮ್ಮೆಲೇ ಜೇನುಹುಟ್ಟಿನಂತೆ ಝೇಂಕರಿಸತೊಡಗಿತು. ಆ ಝೇಂಕಾರಕ್ಕೆ ಹಿಂದುಸ್ತಾನಿಯವರು ಜವಾರಿ ಎನ್ನುವರು. ಅದನ್ನು ಹೊರಡಿಸುವ ಎಳೆಗೆ ನಮ್ಮ ಭಾಷೆಯಲ್ಲಿರುವ ಹೆಸರು ಜೀವಾಳ. ಮೊಬೈಲಿನೊಳಗೆ ಧೋತರವೂ ಇಲ್ಲ, ನೂಲೂ ಇಲ್ಲ, ಕುದುರೆಯೂ ಇಲ್ಲ. ಆದರೂ ಅದು ತಕ್ಕಮಟ್ಟಿಗೆ ಝೇಂಕರಿಸಬಲ್ಲುದಾದರೆ ಆ ಝೇಂಕಾರವನ್ನು ಅದಕ್ಕೆ ಕಲಿಸಿದವರು ಯಾರು, ಹೇಗೆ ಕಲಿಸಿದರು ಎಂಬ ಕುತೂಹಲವು ನನ್ನನ್ನು ಹಿಡಿದುದು ಆ ರಾತ್ರಿ.

ಕಂಪ್ಯೂಟರಿಗೂ ಸಂಗೀತಕ್ಕೂ ಸಂಬಂಧವೆಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಆಲಮಟ್ಟಿಯ ಉದ್ಯಾನದ ಸಂಗೀತ ಕಾರಂಜಿ. ಅಲ್ಲಿ ಸಂಗೀತಕ್ಕೆ ತಕ್ಕಂತೆ ನೀರು ಕುಣಿಯುತ್ತದೆ. ನಾನು ಹೇಳಹೊರಟಿರುವುದು ನಾದವೇ ತನ್ನೊಳಗೆ ಹೇಗೆ ಕುಣಿಯುತ್ತದೆ ಎಂಬುದನ್ನು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯನು ರಜೆಗೆ ಬಂದಾಗ ಮಠದ ತಂಬೂರಿಯ ಒಂದೊಂದು ತಂತಿಯನ್ನೂ ಬೇರೆ ಬೇರೆಯಾಗಿ ಮೀಟಿಸಿ ಲ್ಯಾಪ್‌ಟಾಪಿಗೆ ತುಂಬಿಕೊಂಡನು. ತುಂಬಿಕೊಂಡುದು ನಾದವನ್ನಲ್ಲ, ಅಂಕೆಗಳನ್ನು. ಗಾಳಿಯ ಒತ್ತಡದ ಏರಿಳಿತವನ್ನು ಮೈಕು ವಿದ್ಯುತ್ತಿನ ಏರಿಳಿತವನ್ನಾಗಿ ಮಾಡಿದರೆ, ಯಂತ್ರವು ಅದನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತದೆ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲುದು. ಯಾವುದೇ ಕಂಪನವನ್ನು ಹಿಡಿಯಬೇಕಾದರೆ ಅದರ ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕಾದುದರಿಂದ ಈ ದೊಡ್ಡ ಸಂಖ್ಯೆ. ಐದು ನಿಮಿಷದ ಒಂದು ಭಜನೆಯೆಂದರೆ ಒಂದು ಕೋಟಿ ಮೂವತ್ತೆರಡು ಲಕ್ಷಕ್ಕೂ ಮೀರಿದ ಅಂಕೆಗಳ ರಾಶಿ.

ಈ ರಾಶಿಯನ್ನು ತೂರಿ ಕಾಳನ್ನು ಬೇರ್ಪಡಿಸುವ ವಿದ್ಯೆಯು ಕಂಪ್ಯೂಟರಿಗಿಂತ ಬಹಳ ಹಳೆಯದು. ಎಂಥ ತೊಡಕಿನ ಕಂಪನವಾದರೂ ಸರಳ ಕಂಪನಗಳ ಮೊತ್ತವೇ ಎಂಬುದನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೇ 1822ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಸಂಗೀತವನ್ನಲ್ಲ, ಉಷ್ಣದ ಹರಿವನ್ನು ವಿವರಿಸಹೋಗಿ, ತೋರಿಸಿದನು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬಿಬ್ಬರು ಅಮೆರಿಕನ್ನರು ಆ ಲೆಕ್ಕವನ್ನು ಅತಿ ಶೀಘ್ರವಾಗಿ ಮಾಡುವ ಉಪಾಯವೊಂದನ್ನು ಪ್ರಕಟಿಸಿದ ಮೇಲೆ ಅದು ಯಂತ್ರದ ಕೈಗೆ ನಿಜವಾಗಿ ಸಿಕ್ಕಿತು. ಬೆಳಕನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿದರೆ ಬಣ್ಣಗಳ ರೋಹಿತ ದೊರೆಯುವಂತೆ, ನಾದವನ್ನು ಈ ಲೆಕ್ಕದಲ್ಲಿ ಹಾಯಿಸಿದರೆ ಮೂಲಸ್ವರವೂ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದಲ್ಲಿ ಕಂಪಿಸುವ ಉಪಸ್ವರಗಳೂ ತಂತಮ್ಮ ಬಲದೊಡನೆ ಪರದೆಯ ಮೇಲೆ ಸಾಲುಗಟ್ಟಿ ನಿಲ್ಲುತ್ತವೆ. ಶಹನಾಯಿಯ ಷಡ್ಜವೂ ಪೇಟಿಯ ಷಡ್ಜವೂ ಒಂದೇ ಆಗಿದ್ದರೂ ಒಂದು ಶಹನಾಯಿಯೆಂದೂ ಇನ್ನೊಂದು ಪೇಟಿಯೆಂದೂ ತಿಳಿಯುವುದು ಈ ಉಪಸ್ವರಗಳ ಹೆಚ್ಚುಕಡಿಮೆಯಿಂದ ಎಂಬುದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರತಿಪಾದಿಸಿದ ಸಿದ್ಧಾಂತ. ಸುಮಾರು ನೂರು ವರ್ಷ ಬಹುಮಂದಿ ಅದನ್ನು ನಂಬಿದರು. ನಂಬದೆ ಇರುವುದಕ್ಕೆ ಕಾರಣವೂ ಇರಲಿಲ್ಲ, ಏಕೆಂದರೆ ಆ ಪಾಕಸೂತ್ರದ ಪ್ರಕಾರ ಕರಾರುವಾಕ್ಕಾಗಿ ಅಡಿಗೆ ಮಾಡಿ ಉಂಡು ನೋಡುವ ಸಾಧನ ಯಾರ ಬಳಿಯೂ ಇರಲಿಲ್ಲ.

ಆ ಸಾಧನವು ದೊರೆತುದು 1957ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬವರು ಬರೆದ ಕ್ರಮವಿಧಿಯೊಂದು, ಕೋಣೆ ತುಂಬುವಷ್ಟು ದೊಡ್ಡದಾದ ಐಬಿಎಂ ಯಂತ್ರದಿಂದ ಹದಿನೇಳು ಸೆಕೆಂಡುಗಳ ಸಂಗೀತವನ್ನು ಹೊರಡಿಸಿತು. ಅದು ಕೇಳುವಂತಿರಲಿಲ್ಲವೆಂದು ಮ್ಯಾಥ್ಯೂಸರಿಗೇ ಗೊತ್ತಿತ್ತು. ಕೆಲವು ವರ್ಷಗಳ ಮೇಲೆ ಅದೇ ಸಂಸ್ಥೆಗೆ ಬಂದ ಫ್ರೆಂಚ್ ಸಂಗೀತಗಾರ ಝಾಂ-ಕ್ಲೋದ್ ರಿಸ್ಸೆ, ಗ್ರಂಥಗಳಲ್ಲಿ ಕೊಟ್ಟ ಉಪಸ್ವರಗಳ ಪ್ರಮಾಣವನ್ನು ಚಾಚೂ ತಪ್ಪದೆ ಬೆರೆಸಿದರೂ ಯಂತ್ರದಿಂದ ತುತ್ತೂರಿಯ ನಾದ ಹೊರಡದಿದ್ದುದನ್ನು ಕಂಡು, ನಿಜವಾದ ತುತ್ತೂರಿಯ ಧ್ವನಿಯನ್ನೇ ಕ್ಷಣಕ್ಷಣಕ್ಕೆ ಬಿಡಿಸಿ ನೋಡಿದರು. ಉಪಸ್ವರಗಳೆಲ್ಲ ಒಟ್ಟಿಗೆ ಹುಟ್ಟುವುದಿಲ್ಲ. ಕೆಳಗಿನವು ಮೊದಲು, ಮೇಲಿನವು ಆಮೇಲೆ. ಊದುವ ಬಲ ಹೆಚ್ಚಿದಂತೆಲ್ಲ ಮೇಲಿನವುಗಳ ಪಾಲು ಹೆಚ್ಚುತ್ತದೆ. ಈ ಒಂದು ನಿಯಮವನ್ನು ಕಲಿಸಿದೊಡನೆ ಯಂತ್ರವು ತುತ್ತೂರಿಯಂತೆ ಊದಿತು. ಅಂದರೆ ವಾದ್ಯದ ಗುಣವಿರುವುದು ಉಪಸ್ವರಗಳ ಪಟ್ಟಿಯಲ್ಲಲ್ಲ, ಅವು ಹುಟ್ಟಿ ಬೆಳೆದು ಸಾಯುವ ಕ್ರಮದಲ್ಲಿ. ಪಿಯಾನೋದ ಧ್ವನಿಮುದ್ರಣವನ್ನು ಹಿಂದುಮುಂದಾಗಿ ನುಡಿಸಿದರೆ ಉಪಸ್ವರಗಳ ಪಟ್ಟಿ ಎಳ್ಳಷ್ಟೂ ಬದಲಾಗದು. ಕೇಳುವವನಿಗೆ ಮಾತ್ರ ತಿದಿಯೊತ್ತಿ ಬಾರಿಸುವ ಆರ್ಗನ್ನಿನಂತೆ ತೋರುತ್ತದೆ.

ತಂತಿಯ ವಿಷಯಕ್ಕೆ ಬರೋಣ. 1983ರಲ್ಲಿ ಕಾರ್‌ಪ್ಲಸ್ ಮತ್ತು ಸ್ಟ್ರಾಂಗ್ ಎಂಬವರು ಪ್ರಕಟಿಸಿದ ಉಪಾಯವೊಂದುಂಟು. ಅದರ ಸರಳತೆಯನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಕರಿ ಒಂದರ ಷಡ್ಜವೆಂದರೆ ಗಂಡು ದನಿಗೆ ಸೆಕೆಂಡಿಗೆ ಸುಮಾರು 138.6 ಕಂಪನ. 44,100ನ್ನು ಅದರಿಂದ ಭಾಗಿಸಿದರೆ 318. ಮನಸ್ಸಿಗೆ ಬಂದ 318 ಅಂಕೆಗಳನ್ನು, ಹೆಚ್ಚೊಂದು ಕಡಿಮೆಯೊಂದು, ಯಾವ ಕ್ರಮವೂ ಇಲ್ಲದೆ ಸಾಲಾಗಿ ಇಡಿರಿ. ಅವನ್ನು ಒಂದೊಂದಾಗಿ ಧ್ವನಿವರ್ಧಕಕ್ಕೆ ಕಳಿಸಿರಿ. ಕಳಿಸಿದ ಅಂಕೆಯ ಜಾಗದಲ್ಲಿ ಅದರ ಮತ್ತು ಅದರ ನೆರೆಯ ಅಂಕೆಯ ಸರಾಸರಿಯನ್ನು ಇಡಿರಿ. ಸಾಲು ಮುಗಿದರೆ ಮತ್ತೆ ಮೊದಲಿನಿಂದ. ಇಷ್ಟೇ. ಮೊದಲ ಸುತ್ತಿನಲ್ಲಿ ಕೇಳುವುದು ಬರಿಯ ಗಲಭೆ. ರಂಟೆ ಹೊಡೆದ ಎರೆಹೊಲದಲ್ಲಿ ಹೆಂಟೆಗಳು ಎದ್ದಿರುವಾಗ ಒಂದು ಸಲ ಕುಂಟೆ ಹಾಯಿಸಿದರೆ ಚೂಪಾದ ಮೂಲೆಗಳೂ ಇನ್ನೊಂದು ಸಲಕ್ಕೆ ಸಣ್ಣ ಹೆಂಟೆಗಳೂ ಒಡೆದು ಕೊನೆಗೆ ಹೊಲದ ದೊಡ್ಡ ಏರುತಗ್ಗು ಮಾತ್ರ ಉಳಿಯುವಂತೆ, ಪ್ರತಿ ಸುತ್ತಿನ ಸರಾಸರಿಯೂ ತೀಕ್ಷ್ಣವಾದ ಉಪಸ್ವರಗಳನ್ನು ಮೊದಲು ಅಳಿಸಿ ಮೂಲಸ್ವರವನ್ನು ಕೊನೆಗೆ ಉಳಿಸುತ್ತದೆ. ಮೀಟಿದ ತಂತಿಯಲ್ಲಿ ಪ್ರಕೃತಿಯು ಮಾಡುವುದೂ ಅದನ್ನೇ. ಆದುದರಿಂದ ಈ ಕುರುಡು ಲೆಕ್ಕದಿಂದ ಹೊರಡುವ ಧ್ವನಿಯು ತಂತಿಯ ಧ್ವನಿಯೇ ಆಗಿರುತ್ತದೆ.

ಅಳಿಯನು ಇದನ್ನು ಇಪ್ಪತ್ತು ಸಾಲಿನ ಕ್ರಮವಿಧಿಯಾಗಿ ಬರೆದು ಮಠದ ಕಟ್ಟೆಯ ಮೇಲೆ ಅಜ್ಜಾರಿಗೆ ಕೇಳಿಸಿದನು. ಅವರು ಕಣ್ಣು ಮುಚ್ಚಿ ಎರಡು ಸಲ ಕೇಳಿ, “ತಂತಿ ಐತಿ, ಕುದರಿ ಇಲ್ಲ” ಎಂದರು. ಶಾಸ್ತ್ರಗ್ರಂಥಗಳು ಪುಟಗಟ್ಟಲೆ ಹೇಳುವುದನ್ನು ನಾಲ್ಕು ಮಾತಿನಲ್ಲಿ ಹೇಳಿದ ಈ ವಿಮರ್ಶೆಗೆ ನಾನು ಸೇರಿಸಬಹುದಾದುದು ಒಂದೇ: ಅದು 1921ರಲ್ಲಿಯೇ ವಿಜ್ಞಾನಕ್ಕೆ ತಿಳಿದಿತ್ತು. ಸರ್ ಸಿ. ವಿ. ರಾಮನ್ನರು, ಬೆಳಕಿನ ಚದರಿಕೆಯಿಂದ ಲೋಕಪ್ರಸಿದ್ಧರಾಗುವ ಮೊದಲು, ಕಲ್ಕತ್ತೆಯಲ್ಲಿ ಕುಳಿತು ನಮ್ಮ ವಾದ್ಯಗಳನ್ನು ಪರೀಕ್ಷಿಸುತ್ತಿದ್ದರು. ತಂತಿಯನ್ನು ಎಲ್ಲಿ ಮೀಟುವೆವೋ ಆ ಬಿಂದುವಿನಲ್ಲಿ ಚಲಿಸದೆ ನಿಲ್ಲತಕ್ಕ ಉಪಸ್ವರಗಳು ಹುಟ್ಟಲಾರವು ಎಂಬುದು ಯೂರೋಪಿನಲ್ಲಿ ಸ್ಥಿರಪಟ್ಟಿದ್ದ ನಿಯಮ. ನಟ್ಟನಡುವೆ ಮೀಟಿದರೆ ಎರಡನೆಯದು, ನಾಲ್ಕನೆಯದು, ಆರನೆಯದು ಮೂಕವಾಗಿರಬೇಕು. ತಂಬೂರಿಯನ್ನು ಮೀಟುವುದು ಹೆಚ್ಚುಕಡಿಮೆ ನಡುವಿನಲ್ಲಿಯೇ. ಆದರೂ ಆ ಮೂಕರೆಲ್ಲ ಅದರಲ್ಲಿ ವಾಚಾಳಿಗಳಾಗಿ ಹಾಡುವುದನ್ನು ಕಂಡ ರಾಮನ್ನರು, ಇದಕ್ಕೆ ಕಾರಣ ನಮ್ಮ ಕುದುರೆಯ ರೂಪವೆಂದು ತೋರಿಸಿದರು. ಪಿಟೀಲಿನ ಕುದುರೆಯು ಚೂಪು. ತಂತಿ ಅಲ್ಲಿ ಒಂದು ಬಿಂದುವಿನಲ್ಲಿ ಮುಗಿಯುತ್ತದೆ. ತಂಬೂರಿಯ ಕುದುರೆಯು ಅಗಲವಾಗಿ, ಆಮೆಯ ಬೆನ್ನಿನಂತೆ ಮೆಲ್ಲಗೆ ಬಾಗಿರುವುದರಿಂದ, ತಂತಿಯು ಪ್ರತಿಯೊಂದು ಕಂಪನದಲ್ಲಿಯೂ ಅದನ್ನು ಸವರಿ ಬಿಡುತ್ತ, ತನ್ನ ಉದ್ದವನ್ನೇ ಅತಿ ಸೂಕ್ಷ್ಮವಾಗಿ ಬದಲಿಸಿಕೊಳ್ಳುತ್ತ, ಮೂಲಸ್ವರದ ಶಕ್ತಿಯನ್ನು ಮೇಲಿನ ಸ್ವರಗಳಿಗೆ ಹಂಚುತ್ತ ಹೋಗುತ್ತದೆ. ಜೀವಾಳದ ಎಳೆಯು ಆ ಸ್ಪರ್ಶವನ್ನು ಒರಗಲೂ ಬಿಡದೆ ದೂರ ನಿಲ್ಲಲೂ ಬಿಡದೆ ನಿಯಮಿಸುವ ಕಾವಲುಗಾರ. ಪಾಶ್ಚಾತ್ಯ ವಾದ್ಯಗಾರನು ಇಂಥ ಕಂಪನವನ್ನು ದೋಷವೆಂದು ಎಣಿಸಿ ತಿದ್ದಿಸುವನು. ನಮ್ಮವನು ಅದಕ್ಕಾಗಿ ಧೋತರದ ಅಂಚನ್ನು ಹಿರಿಯುವನು.

ಪರದೆಯ ಮೇಲೆ ಇದು ಕಾಣುವ ಬಗೆ ಮನೋಹರವಾದುದು. ಎಳೆಯಿಲ್ಲದ ತಂತಿಯ ಚಿತ್ರದಲ್ಲಿ ಉಪಸ್ವರಗಳ ಗೆರೆಗಳು ಮೇಲಿನಿಂದ ಒಂದೊಂದಾಗಿ ಆರಿಹೋಗುತ್ತವೆ, ಓಣಿಯ ದೀಪಗಳು ಆರಿದಂತೆ. ಎಳೆ ಹಾಕಿದ ತಂತಿಯಲ್ಲಿ ಮೊದಲು ಎತ್ತರದ ಗೆರೆಗಳು ಹೊಳೆದು, ಆ ಹೊಳಪು ಕ್ರಮೇಣ ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲಿಳಿಯುತ್ತ ಬರುತ್ತದೆ; ಕೆಲವು ಗೆರೆಗಳು ಮೀಟಿದ ಕ್ಷಣದಲ್ಲಿ ಮಂಕಾಗಿದ್ದು ಅರ್ಧ ಸೆಕೆಂಡಿನ ಮೇಲೆ ಬಲಗೊಳ್ಳುವುದೂ ಉಂಟು. ತಂಬೂರಿಯು ತಾನಾಗಿ ಹಾಡುತ್ತದೆಯೆಂದು ಗವಾಯಿಗಳು ಹೇಳುವ ಮಾತನ್ನು ನಾನು ಅಲಂಕಾರವೆಂದೇ ತಿಳಿದಿದ್ದೆ. ಆ ಇಳಿಯುವ ಹೊಳಪನ್ನು ನೋಡಿದ ಮೇಲೆ ಅದು ವರದಿಯೆಂದು ತಿಳಿಯಿತು. ಇದನ್ನು ಸಮೀಕರಣಗಳಲ್ಲಿ ಕಟ್ಟುವುದು ಬಲು ಕಷ್ಟ, ಏಕೆಂದರೆ ತಂತಿಯು ಕುದುರೆಯನ್ನು ಯಾವ ಕ್ಷಣದಲ್ಲಿ ಎಲ್ಲಿ ಮುಟ್ಟುತ್ತದೆಂಬುದು ಅದೇ ತಂತಿಯ ಅದೇ ಕ್ಷಣದ ಚಲನೆಯನ್ನು ಅವಲಂಬಿಸಿದೆ. 2016ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಮಾರ್ಟೆನ್ ವಾನ್ ವಾಲ್‌ಸ್ಟೈನ್ ಮತ್ತು ಅವರ ಸಂಗಡಿಗರು ಕುದುರೆ, ಎಳೆ, ಮೀಟುವ ಬೆರಳು ಇಷ್ಟನ್ನೂ ಲೆಕ್ಕಕ್ಕೆ ತಂದು, ಕೇಳುತ್ತಿರುವಾಗಲೇ ಎಣಿಸಿ ನುಡಿಸಬಲ್ಲ ತಂಬೂರಿಯ ಮಾದರಿಯೊಂದನ್ನು ಪ್ರಕಟಿಸಿದರು. ಐರ್ಲೆಂಡಿನ ಚಳಿಯಲ್ಲಿ ಕುಳಿತು ನಮ್ಮ ಧೋತರದ ನೂಲಿಗೆ ಸಮೀಕರಣ ಬರೆದವರ ಬಗ್ಗೆ ನನಗೆ ಗೌರವವಿದೆ.

ಚರ್ಮವಾದ್ಯದ ಕಥೆಯು ಇನ್ನೂ ನಮಗೆ ಹತ್ತಿರದ್ದು. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಅದರ ಉಪಸ್ವರಗಳು ಮೂಲಸ್ವರದ 1.59, 2.14, 2.30, 2.65 ಪಟ್ಟು ಹೀಗೆ ಒಂದಕ್ಕೊಂದು ಹೊಂದದ ಸಂಬಂಧದಲ್ಲಿ ನಿಲ್ಲುವುವು; ಆದುದರಿಂದಲೇ ನಮ್ಮ ಹಲಗಿಗೆ ಬಲವುಂಟು, ಸ್ವರವಿಲ್ಲ. ಜಾತ್ರೆಯ ರಾತ್ರಿ ಕಣಿಕೆಯ ಉರಿ ಹಾಕಿ ಹಲಗಿಯನ್ನು ಕಾಯಿಸುವಾಗ ತೇವವಾರಿ ಚರ್ಮ ಬಿಗಿದಂತೆಲ್ಲ ಅದರ ದನಿ ಏರುವುದೇನೋ ನಿಜ. ಆದರೆ ಅದನ್ನು ಷಡ್ಜಕ್ಕೆ ಸೇರಿಸಲಾಗದು. ಮೃದಂಗ ತಬಲಗಳನ್ನು ಸೇರಿಸಬಹುದು. ಕಾರಣ ನಡುವೆ ಪದರ ಪದರವಾಗಿ ಮೆತ್ತಿ ಉಜ್ಜಿದ ಕಪ್ಪು ಕರಣೆ. ಚರ್ಮದ ಮಧ್ಯವನ್ನು ಈ ಭಾರದಿಂದ ನಿಧಾನಗೊಳಿಸಿದರೆ ಚೆಲ್ಲಾಪಿಲ್ಲಿಯಾಗಿದ್ದ ಒಂಬತ್ತು ವಿಧದ ಕಂಪನಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಐದು ಸುಸಂಗತ ಸ್ಥಾನಗಳಲ್ಲಿ ಗುಂಪುಗೂಡುತ್ತವೆ. ಇದನ್ನು ರಾಮನ್ನರು ಮೊದಲು 1920ರಲ್ಲಿ ಶಿವಕಾಳಿ ಕುಮಾರರೊಡನೆ ಸೂಚಿಸಿ, ಬೆಂಗಳೂರಿಗೆ ಬಂದ ಮರುವರ್ಷ, 1934ರಲ್ಲಿ, ತಾವು ಆಗತಾನೆ ಸ್ಥಾಪಿಸಿದ ಅಕಾಡೆಮಿಯ ಪತ್ರಿಕೆಯಲ್ಲಿ, ಮುಚ್ಚಿಗೆಯ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ ಪಡೆದ ಚಿತ್ರಗಳೊಡನೆ ವಿಸ್ತರಿಸಿದರು. ಇಪ್ಪತ್ತು ವರ್ಷಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ, ಎರಡು ಬೇರೆ ತೂಕದ ಪೊರೆಗಳು ಕೂಡಿದ ವಾದ್ಯವೆಂದು ಅದನ್ನು ಭಾವಿಸಿ ಪೂರ್ತಿ ಗಣಿತವನ್ನು 1954ರಲ್ಲಿ ಬರೆದರು. ಎಷ್ಟು ಅಗಲದ ಕರಣೆ ಬೇಕೆಂದು ಆ ಗಣಿತ ಹೇಳುತ್ತದೆಯೋ ಹೆಚ್ಚುಕಡಿಮೆ ಅಷ್ಟನ್ನೇ ಮೃದಂಗ ಕಟ್ಟುವವರ ಕೈಯು ಗಣಿತವಿಲ್ಲದೆ ಮೆತ್ತುತ್ತ ಬಂದಿದೆ. ಸೋಂಧಿಯವರು ಮುಂದೆ 1962ರಲ್ಲಿ ಸೇರಿದುದು, ಮ್ಯಾಥ್ಯೂಸರು ಕಂಪ್ಯೂಟರನ್ನು ಹಾಡಿಸಿದ ಅದೇ ಬೆಲ್ ಪ್ರಯೋಗಾಲಯವನ್ನು.

ಈಚಿನ ಮದುವೆಯ ಮೆರವಣಿಗೆಗಳಲ್ಲಿ ಕೇಳುವ ‘ಕ್ಯಾಸಿಯೋ’ (ಯಾವ ಕಂಪನಿಯದಾದರೂ ನಮ್ಮ ಊರಲ್ಲಿ ಅದು ಕ್ಯಾಸಿಯೋ), ಪ್ಯಾಡು ಮುಂತಾದವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇವುಗಳಲ್ಲಿ ಬಹುಪಾಲು ಮೂಲವಾದ್ಯದ ಮುದ್ರಿಸಿದ ತುಣುಕನ್ನು ಹೊರಗೆಡಹುವುವು, ಅಷ್ಟೆ. ಒಂದೇ ತುಣುಕು ಸಾವಿರ ಸಲ ಬಂದರೆ ಕಿವಿಯು ಮೋಸವನ್ನು ಹಿಡಿದುಬಿಡುತ್ತದೆ; ಹಲಗಿಯವನು ಎರಡು ಪೆಟ್ಟನ್ನು ಒಂದೇ ತೆರನಾಗಿ ಹಾಕಬೇಕೆಂದರೂ ಹಾಕಲಾರ. ಅದಕ್ಕಾಗಿ ತಯಾರಕರು ಒಂದು ಪೆಟ್ಟಿಗೆ ಐದಾರು ಮುದ್ರಣಗಳನ್ನಿಟ್ಟು ಸರದಿಯಂತೆ ಬಿಡುವುದನ್ನು ಕಲಿತಿದ್ದಾರೆ.

ಯಂತ್ರದ ತಂಬೂರಿಯು ಎಲ್ಲೋ ಪರದೇಶದಲ್ಲಿ ಹುಟ್ಟಿತೆಂದು ತಿಳಿಯಬಾರದು. ಬೆಂಗಳೂರಿನ ಜಿ. ರಾಜ್ ನಾರಾಯಣ್, ವೃತ್ತಿಯಿಂದ ಎಂಜಿನಿಯರು, ಪ್ರವೃತ್ತಿಯಿಂದ ಕೊಳಲುವಾದಕರು, 1979ರಲ್ಲಿಯೇ ವಿದ್ಯುನ್ಮಾನ ಶ್ರುತಿವಾದ್ಯವನ್ನು ಸಿದ್ಧಪಡಿಸಿ ರಾಡೆಲ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ತಾಳಮಾಲಾ ಎಂಬ ತಬಲಾ ಪೆಟ್ಟಿಗೆ, ಡಿಜಿಟಲ್ ವೀಣೆ ಇವು ಆಮೇಲೆ ಬಂದುವು. ಇದರಿಂದ ಸಂಗೀತ ಕೆಟ್ಟಿತೆಂದು ಗೊಣಗುವ ರಸಿಕರನ್ನು ನಾನು ಬಲ್ಲೆ. ಅವರೊಡನೆ ನನ್ನ ಸಹಮತವಿಲ್ಲ. ಬಾಡಿಗೆಯ ಒಂದು ಕೋಣೆಯಲ್ಲಿ ನಾಲ್ಕು ಮಂದಿ ವಾಸಿಸುವ ಮನೆಯ ಹುಡುಗಿಯೊಬ್ಬಳು ನಸುಕಿನಲ್ಲಿ ಖರ್ಜದ ಸಾಧನೆ ಮಾಡಬೇಕಾದರೆ, ನಾಲ್ಕೂವರೆ ಅಡಿಯ ತಂಬೂರಿಯನ್ನು ಎಲ್ಲಿಡಬೇಕು, ಯಾರಿಂದ ಮೀಟಿಸಬೇಕು? ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಆನೆಯಷ್ಟೇ ಅಕ್ಕರೆಯಿಂದ ಸಾಕಿದನಂತೆ, ಅವನು ಸುಲ್ತಾನ. ಯಂತ್ರದ ಮೇಲೆ ನನ್ನ ದೂರು ಬೇರೆಯದು. ಅದು ಎಂದೂ ಇಳಿಯುವುದಿಲ್ಲ. ಮಠದ ತಂಬೂರಿಯು ತಾಸು ಹೊತ್ತಿಗೆ ಕೂದಲೆಳೆಯಷ್ಟು ಇಳಿಯುವುದು, ಅಜ್ಜಾರು ಹಾಡುತ್ತಲೇ ಕೈ ಚಾಚಿ ಮಣಿಯನ್ನು ಸರಿಸುವರು, ಆ ಒಂದು ಗಳಿಗೆ ಎಲ್ಲರೂ ಶ್ರುತಿಯನ್ನು ಹೊಸದಾಗಿ ಕೇಳುವರು. ಮೊಬೈಲು ನುಡಿಯುವಾಗ ಅದನ್ನು ಯಾರೂ ಕೇಳುತ್ತಿರಲಿಲ್ಲವೆಂಬುದು, ಕರೆ ಬಂದು ಅದು ನಿಂತ ರಾತ್ರಿಯೇ ನಮಗೆ ತಿಳಿದುದು.

ಬುರುಡೆಯ ಸೀಳನ್ನು ಮುಚ್ಚುವ ಕೆಲಸ ಇಲ್ಲಿ ಆಗತಕ್ಕದ್ದಲ್ಲ; ಮೀರಜಿಗೇ ಹೋಗಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರಿಂದ ಮೊದಲಾಗಿ ಆ ಊರಿನಲ್ಲಿ ತಂತಿವಾದ್ಯಗಳ ಕಸುಬು ಬೆಳೆದು, ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ದೊಡ್ಡ ಕುಂಬಳದ ಬುರುಡೆಗಳಿಂದ ಇಂದಿಗೂ ತಂಬೂರಿಗಳು ಸಿದ್ಧವಾಗುತ್ತಿವೆ. 2024ರಲ್ಲಿ ಮೀರಜಿನ ಸಿತಾರ ತಂಬೂರಿಗಳಿಗೆ ಸರಕಾರದ ಭೌಗೋಳಿಕ ಮಾನ್ಯತೆಯೂ ದೊರೆಯಿತು. ಸೀಳು ಮುಚ್ಚಿದ ಮೇಲೆ ಇನ್ನೊಮ್ಮೆ ಮುದ್ರಿಸಿ, ಮೊದಲಿನ ಚಿತ್ರದ ಪಕ್ಕದಲ್ಲಿ ಇಟ್ಟು ನೋಡಬೇಕೆಂಬುದು ಅಳಿಯನ ಬಯಕೆ. “ಬುರುಡೆ ಸೀಳು ಮುಚ್ಚಿದ್ರ ಯಾವ ಗೆರಿ ಹೋಗ್ತಾವ, ಯಾವ ಉಳೀತಾವ, ಗೊತ್ತಾಗ್ತೈತಿ ಮಾಮಾ” ಎಂದನು. ಅಜ್ಜಾರು ಅದನ್ನು ಕೇಳಿ, ಎಳೆಯನ್ನು ಮಾತ್ರ ತಂತಿಯ ಕೆಳಗಿನಿಂದ ಬಿಡಿಸಿ, ಚೀಟಿಯಲ್ಲಿ ಸುತ್ತಿ ಅಂಗಿಯ ಕಿಸೆಗೆ ಸೇರಿಸಿಕೊಂಡರು. ಮರುದಿನ ನಸುಕಿನಲ್ಲಿ ಅವರೂ ಅಳಿಯನೂ ಬಸ್ಸು ಹತ್ತಿದರು. ಗವಸು ಹೊದ್ದ ತಂಬೂರಿಯನ್ನು ಮೇಲಿನ ಹಲಗೆಯ ಮೇಲೆ ಇಡಲೊಲ್ಲದೆ ಅಜ್ಜಾರು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂಡಿಸಿ, ಹೆಗಲಿಗೆ ಕೈ ಹಾಕಿಕೊಂಡು ಕುಳಿತರು. ಕಂಡಕ್ಟರನು ಬಂದು, ಅದನ್ನು ಒಮ್ಮೆ ಅವರನ್ನೊಮ್ಮೆ ನೋಡಿ, ಎರಡೂವರೆ ಟಿಕೀಟು ಹರಿದನು.